ಮಕ್ಕಳ ಜೊತೆ ಯಾವ ದ್ವೀಪಕ್ಕೆ ಹೋಗಬೇಕು? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಗಳಿಗೊಂದು ಹೋಲಿಕೆ

ರಜೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಈಗೀಗ ಒಂದೇ ಮಾತು. ಹುಡುಗರಿಗೆ ಸಮುದ್ರ ತೋರಿಸಬೇಕು, ಬರೀ ದಂಡೆ ಸಾಲದು, ದೋಣಿ ಹತ್ತಿಸಿ ದ್ವೀಪಕ್ಕೇ ಕರೆದುಕೊಂಡು ಹೋಗಬೇಕು. ಮಾತು ಅಲ್ಲಿಂದ ನೇರ ಅಂಡಮಾನಿಗೆ ಹೋಗುತ್ತದೆ. ಯಾರೋ ಫೋಟೋ ಕಳಿಸಿರುತ್ತಾರೆ, ಟ್ರಾವೆಲ್ಸಿನವರು ಪ್ಯಾಕೇಜ್ ಹೇಳಿರುತ್ತಾರೆ, ಅಷ್ಟರಲ್ಲಿ ಎಲ್ಲ ತೀರ್ಮಾನವಾಗಿಬಿಟ್ಟಿರುತ್ತದೆ. ಮಗುವಿನ ವಯಸ್ಸೆಷ್ಟು ಎಂದು ಕೇಳುವವರೇ ಕಡಿಮೆ.

ನಾನು ಕೇಳುವುದು ಅದೊಂದನ್ನೇ. ನಿಮ್ಮ ಜೊತೆ ಬರುವ ಅತಿ ಚಿಕ್ಕ ಮಗು ಎಷ್ಟು ಹೊತ್ತು ದೋಣಿಯಲ್ಲಿ ಕೂತೀತು? ನೀರು ಎಷ್ಟು ಆಳವಿದ್ದರೆ ಅಂಜದೆ ನಿಂತೀತು? ಅಲ್ಲಿಗೆ ಮುಟ್ಟುವಷ್ಟರಲ್ಲಿ ಅದರ ಅರ್ಧ ಜೀವ ಹೋಗಿರುತ್ತದೋ, ಇಲ್ಲವೋ? ಈ ಮೂರಕ್ಕೆ ಉತ್ತರ ಸಿಕ್ಕರೆ ದ್ವೀಪ ತಾನಾಗಿಯೇ ಗೊತ್ತಾಗುತ್ತದೆ. ನಮ್ಮ ಮೂರು ಜಿಲ್ಲೆಗಳಿಂದ ಹೋಗಬಹುದಾದ ಐದು ಕಡೆಗಳನ್ನು ಇಲ್ಲಿ ಎದುರುಬದುರು ಇಟ್ಟು ನೋಡಿದ್ದೇನೆ: ಮಹಾರಾಷ್ಟ್ರದ ಮಾಲ್ವಣದ ಸಿಂಧುದುರ್ಗ, ಗೋವಾದ ದಿವಾರ್ ಮತ್ತು ಚೋರಾವ್, ಉಡುಪಿ ಹತ್ತಿರದ ಮಲ್ಪೆಯ ಸೇಂಟ್ ಮೇರೀಸ್, ಅಂಡಮಾನ್, ಲಕ್ಷದ್ವೀಪ.

ಮೊದಲು ರಜೆ ಯಾವುದೆಂದು ನೋಡಿ

ದಸರಾ ರಜೆಯಾದರೆ ಅಂಡಮಾನ್ ಬೇಡ. ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಹಿಂಗಾರು ಮಳೆಯ ಜೊತೆ ಚಂಡಮಾರುತಗಳೂ ಏಳುತ್ತವೆ. ಸಮುದ್ರ ಕೆಟ್ಟರೆ ದ್ವೀಪದಿಂದ ದ್ವೀಪಕ್ಕೆ ಹೋಗುವ ಫೆರಿ ನಿಲ್ಲಿಸುತ್ತಾರೆ. ಸಣ್ಣ ಕೂಸಿನ ಜೊತೆ ಒಂದು ದ್ವೀಪದಲ್ಲಿ ಸಿಕ್ಕಿಬಿದ್ದು, ವಾಪಸ್ ವಿಮಾನದ ಟಿಕೆಟ್ ಕೈಯಲ್ಲಿ ಹಿಡಿದು ಕೂರುವ ಪರಿಸ್ಥಿತಿ ಯಾವ ತಾಯಿತಂದೆಗೂ ಬೇಡ. ಅದೇ ಹೊತ್ತಿಗೆ ನಮ್ಮ ಪಶ್ಚಿಮದ ಸಮುದ್ರ ಶಾಂತವಾಗುತ್ತಿರುತ್ತದೆ. ಮಳೆಗಾಲದಲ್ಲಿ ನಿಂತಿದ್ದ ಮಾಲ್ವಣ ಮತ್ತು ಮಲ್ಪೆಯ ದೋಣಿಗಳು ಮತ್ತೆ ಶುರುವಾಗುತ್ತವೆ. ಆರಂಭದ ದಿನಗಳಲ್ಲಿ ನೀರು ಇನ್ನೂ ರಾಡಿಯಾಗಿರುವುದರಿಂದ ತಳ ಕಾಣುವುದಿಲ್ಲ. ಆದರೆ ದೋಣಿ, ಕೋಟೆ, ಮರಳಿಗೆ ಅದರಿಂದ ತೊಂದರೆಯಿಲ್ಲ.

ಏಪ್ರಿಲ್ ರಜೆಯಾದರೆ ಲೆಕ್ಕ ಬೇರೆ. ಅಂಡಮಾನಿಗೆ ಮುಂಗಾರು ಕೇರಳಕ್ಕಿಂತ ಮೊದಲೇ, ಮೇ ಮೂರನೇ ವಾರದ ಸುಮಾರಿಗೆ ಬರುತ್ತದೆ. ಅಷ್ಟರೊಳಗೆ ಹೋಗಿ ಬಂದರೆ ನೀರು ತಿಳಿಯಾಗಿ ಸಿಗುತ್ತದೆ. ಕೊಂಕಣ ತೀರದಲ್ಲಿ ಮಾತ್ರ ಏಪ್ರಿಲ್, ಮೇ ತಿಂಗಳ ಸೆಖೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ವಿಜಯಪುರ, ಬಾಗಲಕೋಟೆಯ ಮಕ್ಕಳು ನಲವತ್ತು ಡಿಗ್ರಿ ಬಿಸಿಲು ಕಂಡವರೇ ಹೌದು, ಆದರೆ ಅದು ಒಣ ಬಿಸಿಲು. ಬೆವರು ಬಂದ ಕೂಡಲೇ ಆರುತ್ತದೆ, ಮೈ ತಂಪಾಗುತ್ತದೆ. ಕರಾವಳಿಯಲ್ಲಿ ಗಾಳಿಯೇ ನೀರು ತುಂಬಿಕೊಂಡಿರುವುದರಿಂದ ಬೆವರು ಆರುವುದಿಲ್ಲ, ಮೂವತ್ತಮೂರು ಡಿಗ್ರಿಗೇ ಮಗು ಸೋತುಹೋಗುತ್ತದೆ. ಹನ್ನೊಂದರಿಂದ ಮೂರೂವರೆಯವರೆಗೆ ನೆರಳಲ್ಲೇ ಇರಿ. ಚೀಲದಲ್ಲಿ ಓಆರ್‌ಎಸ್ ಪುಡಿ ಇರಲಿ.

ಡಿಸೆಂಬರ್, ಜನವರಿಯಲ್ಲಿ ಎಲ್ಲ ಕಡೆಯೂ ಹವೆ ಚೆಂದ. ಹಾಗೆಯೇ ಎಲ್ಲ ಕಡೆಯೂ ಗದ್ದಲ, ಎಲ್ಲದಕ್ಕೂ ದುಪ್ಪಟ್ಟು ದರ.

ಮಾಲ್ವಣ: ಮೊದಲ ದ್ವೀಪ ಇದೇ ಇರಲಿ

ಬೆಳಗಾವಿಯಿಂದ ಶಿನೋಳಿ ದಾಟಿ, ಅಂಬೋಲಿ ಘಾಟ್ ಇಳಿದು, ಸಾವಂತವಾಡಿ, ಕುಡಾಳದ ಮೇಲೆ ಹೋದರೆ ಮಾಲ್ವಣಕ್ಕೆ ನಾಲ್ಕು ತಾಸಿನ ದಾರಿ. ಘಾಟಿನ ತಿರುವುಗಳಲ್ಲಿ ಕೆಲವು ಮಕ್ಕಳಿಗೆ ವಾಂತಿಯಾಗುತ್ತದೆ. ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ಅಂಬೋಲಿಯಲ್ಲಿ ಅರ್ಧ ತಾಸು ಇಳಿಸಿ ಓಡಾಡಲು ಬಿಡಿ. ಸಾವಂತವಾಡಿಯಲ್ಲಿ ಇನ್ನೊಂದು ನಿಲುಗಡೆ ಇರಲೇಬೇಕು. ಬಣ್ಣ ಹಾಕಿದ ಮರದ ಆಟಿಗೆಗಳಿಗೆ ಆ ಊರು ಹೆಸರುವಾಸಿ. ಮರದ ಬಾಳೆಹಣ್ಣು, ಬದನೆಕಾಯಿ, ಬುಗುರಿ, ಅಡುಗೆ ಸಾಮಾನಿನ ಸೆಟ್ಟು ಸಾಲಾಗಿ ಇಟ್ಟಿರುತ್ತಾರೆ. ಅಲ್ಲಿ ಕೊಂಡ ಒಂದು ಬುಗುರಿ ಮುಂದಿನ ಎರಡು ದಿನ ಹೋಟೆಲಿನ ಕೋಣೆಯಲ್ಲಿ ನಿಮಗೆ ನೆಮ್ಮದಿ ಕೊಡುತ್ತದೆ.

ಸಿಂಧುದುರ್ಗ ಕೋಟೆಯನ್ನು ಶಿವಾಜಿ ಮಹಾರಾಜರು ಕುರ್ಟೆ ಎಂಬ ಬಂಡೆಯ ದ್ವೀಪದ ಮೇಲೆ ಕಟ್ಟಿಸಿದರು. 1664ರಲ್ಲಿ ಕೆಲಸ ಶುರುವಾಗಿ ಮೂರು ವರ್ಷ ನಡೆಯಿತು. ಮಾಲ್ವಣದ ಜೆಟ್ಟಿಯಿಂದ ದೋಣಿಯಲ್ಲಿ ಹತ್ತು ಹದಿನೈದು ನಿಮಿಷ. ಮಕ್ಕಳ ಮಟ್ಟಿಗೆ ಈ ಕೋಟೆಯ ದೊಡ್ಡ ಗುಣ ಇದೇ. ಮೂರು ವರ್ಷದ ಮಗು ದೋಣಿ ಕಂಡು ಹೆದರಿ ಅಳತೊಡಗಿದರೂ, ಸಮಾಧಾನ ಮಾಡುವಷ್ಟರಲ್ಲಿ ಆ ದಡ ಬಂದಿರುತ್ತದೆ. ಹೆದರಿಕೆ ಹೋಗುತ್ತದೆ, ಬರುವಾಗ ತಾನೇ ಮುಂದೆ ಓಡಿ ಕೂರುತ್ತದೆ. ಅಜ್ಜ ಅಜ್ಜಿಯರೂ ಜೊತೆಗೆ ಬರಬಹುದು, ದೋಣಿ ಹತ್ತಿ ಇಳಿಯುವಾಗ ಕೈ ಹಿಡಿದರೆ ಸಾಕು.

ಕೋಟೆಯ ಹೆಬ್ಬಾಗಿಲನ್ನು ಗೋಡೆಗಳ ತಿರುವಿನಲ್ಲಿ ಎಷ್ಟು ಜಾಣತನದಿಂದ ಮರೆ ಮಾಡಿದ್ದಾರೆಂದರೆ ದೋಣಿಯಿಂದ ನೋಡಿದರೆ ಬಾಗಿಲೇ ಕಾಣುವುದಿಲ್ಲ. ದಡ ಮುಟ್ಟುವ ಮೊದಲು "ಬಾಗಲ ಎಲ್ಲೈತಿ, ಹುಡುಕ್ರಿ ನೋಡೂಣು" ಎಂದು ಮಕ್ಕಳಿಗೆ ಕೆಲಸ ಹಚ್ಚಿ. ಒಳಗೆ ಸಿಹಿನೀರಿನ ಬಾವಿಗಳಿವೆ. ಹಾಲಿನ ಬಾವಿ, ಮೊಸರಿನ ಬಾವಿ, ಸಕ್ಕರೆ ಬಾವಿ ಎಂದು ಮರಾಠಿಯಲ್ಲಿ ಅವಕ್ಕೆ ಹೆಸರು. ನಮ್ಮ ಗುಂಪಿನ ಹುಡುಗಿಯೊಬ್ಬಳು ಬಾವಿಯ ಕಟ್ಟೆ ಹಿಡಿದು ಬಗ್ಗಿ, "ಸುತ್ತ ಎಲ್ಲಾ ಉಪ್ಪುನೀರು, ನಡಬರಕ ಸಿಹಿನೀರು ಹ್ಯಾಂಗ ಬಂತು ಅಜ್ಜಾ?" ಎಂದು ಕೇಳಿದಳು. ಸಿಹಿನೀರು ಉಪ್ಪುನೀರಿಗಿಂತ ಹಗುರ. ದ್ವೀಪದ ನೆಲದಲ್ಲಿ ಇಂಗಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿದ ಹಾಗೆ ನಿಲ್ಲುತ್ತದೆ, ಆಳವಿಲ್ಲದ ಬಾವಿಗೆ ಅದೇ ಸಿಗುತ್ತದೆ. ಮನೆಗೆ ಬಂದ ಮೇಲೆ ಒಂದು ಗಾಜಿನ ಲೋಟದಲ್ಲಿ ಬಣ್ಣ ಹಾಕಿದ ಉಪ್ಪುನೀರಿಟ್ಟು, ಅದರ ಮೇಲೆ ಚಮಚದ ಬೆನ್ನಿನಿಂದ ಸಾದಾ ನೀರು ಮೆಲ್ಲಗೆ ಬಿಟ್ಟು ತೋರಿಸಿ. ಪಾಠದ ಪುಸ್ತಕ ಬೇಕಾಗುವುದಿಲ್ಲ.

ಇತಿಹಾಸ ಹೇಳುವುದಾದರೆ ಒಂದೇ ಬದಿಯ ಕತೆ ಹೇಳಿ ಮುಗಿಸಬೇಡಿ ಎಂಬುದು ನನ್ನ ಮನವಿ. ಬೈಲಹೊಂಗಲ ಸೀಮೆಯ ಬೆಳವಡಿ ಮಲ್ಲಮ್ಮ ಶಿವಾಜಿಯ ಸೈನ್ಯಕ್ಕೆ ಎದುರು ನಿಂತ ಕತೆಯನ್ನೂ ದೋಣಿಯಲ್ಲೇ ಹೇಳಿ. ನಮ್ಮ ಮಕ್ಕಳಿಗೆ ಎರಡೂ ಗೊತ್ತಿರಬೇಕು.

ಕೋಟೆ ಮುಗಿದ ಮೇಲೆ ನೀರಾಟಕ್ಕೆ ತಾರ್ಕರ್ಲಿ, ದೇವಬಾಗ. ಅಲ್ಲಿ ಕಾರ್ಲಿ ನದಿ ಸಮುದ್ರ ಸೇರುವಲ್ಲಿ ಸುನಾಮಿ ಐಲ್ಯಾಂಡ್ ಎಂದು ಕರೆಯುವ ಮರಳದಿಬ್ಬವಿದೆ. ಇಳಿತದ ಹೊತ್ತಿನಲ್ಲಿ ಮೊಣಕಾಲು ಮಟ್ಟದ ನೀರಿರುತ್ತದೆ, ಮಕ್ಕಳಿಗೆ ಅದೇ ಸ್ವರ್ಗ. ಆದರೆ ನದಿಯ ಬಾಯಲ್ಲಿ ಸೆಳೆತ ಜೋರು. ದಿಬ್ಬದ ಅಂಚಿನಲ್ಲಿ ನೆಲ ಇದ್ದಕ್ಕಿದ್ದಂತೆ ಆಳಕ್ಕೆ ಇಳಿಯಬಹುದು. ಉಬ್ಬರ ಏರುವ ಮೊದಲೇ ಹೊರಟುಬಿಡಿ. ಗಾಳಿ ತುಂಬಿದ ತೆಪ್ಪವನ್ನು ಮೋಟಾರ್ ದೋಣಿಗೆ ಕಟ್ಟಿ ಎಳೆಯುವ ಬನಾನಾ ಬೋಟ್, ಬಂಪರ್ ರೈಡ್ ಇತ್ಯಾದಿ ಎಂಟು ವರ್ಷದೊಳಗಿನವರಿಗೆ ಬೇಡ ಎಂದೇ ಹೇಳುತ್ತೇನೆ. ಬನಾನಾ ಬೋಟನ್ನು ಮಜಾ ಬರಲೆಂದು ಬೇಕೆಂದೇ ಮಗುಚುತ್ತಾರೆ. ದೊಡ್ಡವರಿಗೆ ಅದು ಮಜಾ, ಸಣ್ಣ ಮಗುವಿಗೆ ನೀರಿನ ಮೇಲಿನ ನಂಬಿಕೆಯೇ ಹೋಗಿಬಿಡುತ್ತದೆ.

ಗೋವಾ: ಬೀಚ್ ಬಿಟ್ಟು ಫೆರಿ ಹತ್ತಿ

ಗೋವಾ ಎಂದಾಗ ದ್ವೀಪ ಯಾರಿಗೂ ನೆನಪಾಗುವುದಿಲ್ಲ. ಮಾಂಡೋವಿ ನದಿಯಲ್ಲಿ ದಿವಾರ್ ಮತ್ತು ಚೋರಾವ್ ಎಂಬ ಎರಡು ಹಸಿರು ದ್ವೀಪಗಳಿವೆ. ಕಾರು, ಬೈಕು, ಮಂದಿ ಎಲ್ಲವನ್ನೂ ಒಟ್ಟಿಗೆ ಹೊರುವ ಚಪ್ಪಟೆ ಫೆರಿ ಅಲ್ಲಿಗೆ ದಿನವಿಡೀ ಓಡುತ್ತದೆ. ನಡೆದು ಹತ್ತುವವರಿಗೆ ಹಣವಿಲ್ಲ, ಐದಾರು ನಿಮಿಷದ ದಾರಿ. ನದಿಯಾದ್ದರಿಂದ ಅಲೆಯ ಕುಲುಕಾಟವಿಲ್ಲ. ಎರಡು ಮೂರು ವರ್ಷದ ಮಗುವಿಗೆ ಇದಕ್ಕಿಂತ ಸುಲಭದ ದ್ವೀಪ ನನಗೆ ಗೊತ್ತಿಲ್ಲ.

ಚೋರಾವ್‌ನಲ್ಲಿ ಸಲೀಂ ಅಲಿ ಪಕ್ಷಿಧಾಮವಿದೆ. ಎರಡು ಚದರ ಕಿಲೋಮೀಟರಿಗೂ ಕಡಿಮೆ ಜಾಗ, ಪೂರ್ತಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಇಳಿತದ ಹೊತ್ತಿಗೆ ಕೆಸರಿನ ಮೇಲೆ ಮಡ್‌ಸ್ಕಿಪ್ಪರ್ ಎಂಬ ಮೀನುಗಳು ರೆಕ್ಕೆಯನ್ನೇ ಕಾಲು ಮಾಡಿಕೊಂಡು ಜಿಗಿಯುತ್ತಿರುತ್ತವೆ. ಹಕ್ಕಿ ದೂರದಲ್ಲಿರುತ್ತದೆ, ಬೈನಾಕ್ಯುಲರ್ ಹಿಡಿಯಲು ಸಣ್ಣವರಿಗೆ ತಾಳ್ಮೆಯಿಲ್ಲ. ಈ ಮೀನು ಕಾಲಬುಡದಲ್ಲೇ ಇರುತ್ತದೆ. ಬೆಳಗಿನ ಹೊತ್ತು ಹೋಗಿ, ಸೊಳ್ಳೆಗೆ ತುಂಬುತೋಳಿನ ಅಂಗಿ ಹಾಕಿ.

ದಿವಾರ್‌ಗೆ ಹಳೇ ಗೋವಾದ ಕಡೆಯಿಂದ ಹೋಗುವುದೇ ಚೆಂದ. ಫೆರಿ ಕಟ್ಟೆಗೆ ಇಳಿಯುವ ಮೊದಲು ವೈಸ್‌ರಾಯ್ ಕಮಾನು, ಅದರ ಹತ್ತಿರವೇ ಸೇಂಟ್ ಕಜೆಟನ್ ಚರ್ಚು. ಆ ಚರ್ಚಿನ ಬಳಿ ಕಪ್ಪು ಕಲ್ಲಿನ ಒಂದು ಬಾಗಿಲ ಚೌಕಟ್ಟು ಒಂಟಿಯಾಗಿ ನಿಂತಿದೆ. ಅದು ಆದಿಲ್ ಶಾಹಿ ಅರಮನೆಯ ಉಳಿಕೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೆದ್ದುಕೊಳ್ಳುವವರೆಗೆ ಗೋವಾ ಬಿಜಾಪುರದ ಆಳ್ವಿಕೆಯಲ್ಲಿತ್ತು. ಗೋಳಗುಮ್ಮಟದ ನೆರಳಲ್ಲಿ ಬೆಳೆದ ಮಗುವಿಗೆ ಆ ಚೌಕಟ್ಟಿನ ಕೆಳಗೆ ನಿಲ್ಲಿಸಿ "ಇದು ನಮ್ಮೂರವರದ್ದು" ಎಂದು ಹೇಳಿದರೆ ಕಣ್ಣು ಅರಳುತ್ತವೆ. ಅದಾದ ಮೇಲೆ ಒಂದೂವರೆ ಶತಮಾನಕ್ಕೆ ಗೋಳಗುಮ್ಮಟ ಎದ್ದಿತು ಎಂಬುದನ್ನೂ ದೊಡ್ಡ ಮಕ್ಕಳಿಗೆ ಹೇಳಬಹುದು.

ಗ್ರಾಂಡೆ ಐಲ್ಯಾಂಡ್ ಎಂದು ಸ್ನಾರ್ಕೆಲಿಂಗ್ (ಬಾಯಲ್ಲಿ ಉಸಿರಿನ ಕೊಳವೆ ಹಿಡಿದು, ತೇಲುತ್ತ ನೀರಿನೊಳಗೆ ನೋಡುವುದು) ಪ್ರವಾಸ ಮಾರುತ್ತಾರಲ್ಲ, ಅದನ್ನು ಮಕ್ಕಳಿರುವವರು ಬಿಡುವುದು ಒಳ್ಳೆಯದು. ದೋಣಿಯಲ್ಲಿ ಕೂರುವ ಹೊತ್ತು ಬಹಳ, ಬಹಳಷ್ಟು ಪ್ಯಾಕೇಜುಗಳಲ್ಲಿ ಮದ್ಯವೂ ಸೇರಿರುತ್ತದೆ.

ಗೋವಾಕ್ಕೆ ಇಳಿಯುವ ಚೋರ್ಲಾ ಘಾಟಿನ ರಸ್ತೆ ಹೇಗಿದೆ ಎಂದು ಹೊರಡುವ ಹಿಂದಿನ ದಿನ ಬೆಳಗಾವಿಯಲ್ಲಿ ಯಾರನ್ನಾದರೂ ಕೇಳಿಕೊಳ್ಳಿ. ಮಳೆಗಾಲ ಮುಗಿದ ಕೂಡಲೇ ಗುಂಡಿಗಳು ಹೆಚ್ಚು.

ಮಲ್ಪೆ: ಕಲ್ಲು ನೋಡುವ ಮಕ್ಕಳಿಗೆ

ಸೇಂಟ್ ಮೇರೀಸ್ ದ್ವೀಪಕ್ಕೆ ನಮ್ಮಿಂದ ದಾರಿ ದೂರ. ಹುಬ್ಬಳ್ಳಿ, ಅಂಕೋಲಾ ಮೇಲೆ ಉಡುಪಿಗೆ ಬೆಳಗಾವಿಯಿಂದ ಎಂಟು ತಾಸು ಇಟ್ಟುಕೊಳ್ಳಿ, ವಿಜಯಪುರದಿಂದ ಇನ್ನೂ ಹೆಚ್ಚು. ಹಾಗಾಗಿ ಇದನ್ನೊಂದಕ್ಕೇ ಹೋಗಬೇಡಿ. ಗೋಕರ್ಣ, ಮುರುಡೇಶ್ವರ, ಉಡುಪಿ ಕೂಡಿಸಿ ನಾಲ್ಕು ದಿನದ ಪ್ರವಾಸ ಮಾಡಿದರೆ ದಾರಿಯ ಬೇಸರ ಹಂಚಿಹೋಗುತ್ತದೆ.

ಮಲ್ಪೆಯಿಂದ ದೋಣಿಯಲ್ಲಿ ಅರ್ಧ ತಾಸು. ಇಳಿದ ಕೂಡಲೇ ಕಾಣುವುದು ಕಂಬ ಕಂಬವಾಗಿ ಸೀಳಿ ನಿಂತ ಕಲ್ಲು. ಭಾರತ ಮತ್ತು ಮಡಗಾಸ್ಕರ್ ಇನ್ನೂ ಕೂಡಿಕೊಂಡಿದ್ದ ಕಾಲದ, ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ ಅದು. ಕುದಿಯುವ ಕಲ್ಲಿನ ರಸ ಮೇಲಿಂದ ಕೆಳಕ್ಕೆ ಆರುತ್ತ ಕುಗ್ಗಿದಾಗ, ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರಿಯುವಂತೆ ಬಿರಿದಿದೆ. ಆ ಬಿರುಕುಗಳು ಆಳಕ್ಕಿಳಿದು ಕಂಬಗಳಾಗಿವೆ. ಒಂದೊಂದು ಕಂಬದ ತಲೆಯ ಮೇಲೂ ಮೂಲೆ ಎಣಿಸಲು ಹೇಳಿ. ಐದು ಸಿಗುತ್ತವೆ, ಆರು ಸಿಗುತ್ತವೆ, ಏಳೂ ಸಿಗುತ್ತವೆ. ಎಂಟರಿಂದ ಹನ್ನೆರಡರ ವಯಸ್ಸಿನವರು ಇದರಲ್ಲಿ ಒಂದು ತಾಸು ಮುಳುಗಿಹೋಗುತ್ತಾರೆ.

ಐದು ವರ್ಷದ ಒಳಗಿನವರಿಗೆ ಈ ದ್ವೀಪ ಕಷ್ಟ. ಕಲ್ಲಿನ ಅಂಚು ಚೂಪು, ನೀರು ತಾಗುವಲ್ಲಿ ಪಾಚಿ ಜಾರುತ್ತದೆ, ನೆರಳು ಸಾಲದು. ಚಪ್ಪಲಿ ಬದಲು ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕಿ. ಗುರುತು ಮಾಡಿದ ಜಾಗ ಬಿಟ್ಟು ನೀರಿಗೆ ಇಳಿಯಬೇಡಿ. ಅಲ್ಲಿ ಉಳಿಯಲು ಬಿಡುವುದಿಲ್ಲ, ಎರಡು ತಾಸು ಸಾಕು. ಸಣ್ಣವರಿಗೆ ಆಟವಾಡಲು ಮಲ್ಪೆಯ ದಂಡೆಯೇ ಮೇಲು. ಸಸ್ಯಾಹಾರಿ ಮನೆಗಳಿಗೆ ಈ ಪ್ರವಾಸದಲ್ಲಿ ಇರುವ ಸುಖ ಬೇರೆಲ್ಲೂ ಇಲ್ಲ. ಉಡುಪಿಯಲ್ಲಿ ಎಲ್ಲಿ ಕೂತರೂ ಮಗುವಿಗೆ ಇಡ್ಲಿ, ಅನ್ನ, ಸಾರು ಸಿಗುತ್ತದೆ.

ಮುರುಡೇಶ್ವರದ ಎದುರಿನ ನೇತ್ರಾಣಿಯ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಅದು ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ಆಳಕ್ಕಿಳಿಯುವುದು, ಮಾಡುವವರ ಜಾಗ. ಕಡಿದಾದ ಬಂಡೆಯ ದ್ವೀಪ, ಇಳಿದು ಆಡುವ ಮರಳದಂಡೆ ಇಲ್ಲ, ತೆರೆದ ಸಮುದ್ರದಲ್ಲಿ ತಾಸಿಗೂ ಮಿಕ್ಕಿ ದೋಣಿ. ಸ್ಕೂಬಾ ಕಲಿಸುವ ಅಂತರರಾಷ್ಟ್ರೀಯ ಸಂಸ್ಥೆಗಳು ಸಮುದ್ರದಲ್ಲಿ ಇಳಿಸಲು ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕೆನ್ನುತ್ತವೆ. "ಎಂಟು ವರ್ಷ ಆದರೂ ನಡೀತದರೀ" ಎಂದು ಯಾರಾದರೂ ಹೇಳಿದರೆ ಅವರ ಹತ್ತಿರ ಸ್ಕೂಬಾ ಮಾಡಲೇಬೇಡಿ, ನೀವೂ ಸಹ.

ಅಂಡಮಾನ್: ಯಾರಿಗೆ, ಯಾವಾಗ

ತಿಳಿನೀರು, ಹವಳ, ಬಣ್ಣದ ಮೀನಿನ ಲೆಕ್ಕದಲ್ಲಿ ಮೇಲಿನ ಮೂರೂ ಅಂಡಮಾನಿಗೆ ಸಮವಲ್ಲ, ಇದರಲ್ಲಿ ಎರಡು ಮಾತಿಲ್ಲ. ಆದರೆ ದಾರಿ ಲೆಕ್ಕ ಹಾಕಿ. ವಿಜಯಪುರ, ಬಾಗಲಕೋಟೆಯವರು ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕಳೆದು ಬೆಂಗಳೂರು ಮುಟ್ಟಬೇಕು, ಬೆಳಗಾವಿಯವರು ಸಾಂಬ್ರಾದಿಂದ ವಿಮಾನ ಹಿಡಿದರೂ ಬೆಂಗಳೂರಿನಲ್ಲಿ ಬದಲಿಸಬೇಕು. ಅಲ್ಲಿಂದ ಎರಡೂವರೆ ತಾಸು ಹಾರಿದರೆ ಪೋರ್ಟ್ ಬ್ಲೇರ್, 2024ರಿಂದ ಅದಕ್ಕೆ ಶ್ರೀ ವಿಜಯಪುರಂ ಎಂದು ಹೆಸರು. ಮತ್ತೆ ಅಲ್ಲಿಂದ ಫೆರಿಯಲ್ಲಿ ಒಂದೂವರೆ, ಎರಡು ತಾಸು. ಹೋಗಲು ಎರಡು ದಿನ, ಬರಲು ಎರಡು ದಿನ. ನಾಲ್ಕು ಜನರ ವಿಮಾನದ ಖರ್ಚಿನಲ್ಲಿ ಮಾಲ್ವಣದ ಪೂರ್ತಿ ಪ್ರವಾಸ ಮುಗಿಯುತ್ತದೆ. ಆರು ರಾತ್ರಿಯಾದರೂ ಅಲ್ಲಿರಲು ಆಗದಿದ್ದರೆ, ಅಥವಾ ಮಗುವಿಗೆ ಇನ್ನೂ ಆರು ತುಂಬಿರದಿದ್ದರೆ, ಒಂದೆರಡು ವರ್ಷ ತಡೆಯಿರಿ ಎನ್ನುತ್ತೇನೆ. ದ್ವೀಪ ಎಲ್ಲಿಗೂ ಹೋಗುವುದಿಲ್ಲ, ಮಗುವಿಗೆ ಮಾತ್ರ ನೆನಪಿಟ್ಟುಕೊಳ್ಳುವ ಶಕ್ತಿ ಬಂದಿರುತ್ತದೆ.

ಹೋಗುವುದೇ ಆದರೆ ಸ್ವರಾಜ್ ದ್ವೀಪವೋ, ಶಹೀದ್ ದ್ವೀಪವೋ? ಹಳೆಯ ಹೆಸರಲ್ಲಿ ಹ್ಯಾವ್ಲಾಕ್ ಮತ್ತು ನೀಲ್. ಪ್ಯಾಕೇಜುಗಳು ಹ್ಯಾವ್ಲಾಕಿಗೆ ಎರಡು ಮೂರು ರಾತ್ರಿ ಕೊಟ್ಟು ನೀಲ್‌ಗೆ ಒಂದು ರಾತ್ರಿ ಕೊಡುತ್ತವೆ. ಹತ್ತರ ಒಳಗಿನ ಮಕ್ಕಳಿದ್ದರೆ ಅದನ್ನು ತಿರುಗಿಸಿ ಕೇಳಿ. ನೀಲ್ ಪುಟ್ಟ ದ್ವೀಪ, ಒಂದು ತುದಿಯಿಂದ ಇನ್ನೊಂದು ತುದಿಗೆ ಆಟೋದಲ್ಲಿ ಕೆಲವೇ ನಿಮಿಷ, ಸೈಕಲ್ಲಿನಲ್ಲೂ ಆಗುತ್ತದೆ. ಅಲ್ಲಿನ ಭರತ್‌ಪುರ ದಂಡೆಯಲ್ಲಿ ನೀರು ಬಹುದೂರದವರೆಗೆ ಮಂಡಿ, ಸೊಂಟದ ಮಟ್ಟದಲ್ಲೇ ಇರುತ್ತದೆ. ಗಾಜಿನ ತಳದ ದೋಣಿ ಅಲ್ಲಿಂದಲೇ ಹೊರಡುತ್ತದೆ. ಈಜು ಬಾರದ ಅಜ್ಜಿ, ಪುಟ್ಟ ಮೊಮ್ಮಗ ಇಬ್ಬರೂ ಒಂದೇ ಗಾಜಿಗೆ ಮುಖ ಹಚ್ಚಿ ಹವಳ ನೋಡಬಹುದು. ಇಂಥ ಸುಖ ಸ್ಕೂಬಾದಲ್ಲಿ ಇಲ್ಲ.

ನೀಲ್‌ನ ಇನ್ನೊಂದು ಬದಿಗೆ ಕಲ್ಲಿನ ಸಹಜ ಸೇತುವೆ ಇದೆ. ಇಳಿತದಲ್ಲಿ ಮಾತ್ರ ಹೋಗಬೇಕು. ನೀರು ಸರಿದಾಗ ಕಲ್ಲಿನ ತಗ್ಗುಗಳಲ್ಲಿ ಉಳಿದ ನೀರಿನಲ್ಲಿ ಏಡಿ, ಸಮುದ್ರಸೌತೆ ಎಂಬ ಸೌತೆಕಾಯಿಯಾಕಾರದ ಪ್ರಾಣಿ, ಬೆರಳುದ್ದದ ಮೀನು ಉಳಿದುಬಿಟ್ಟಿರುತ್ತವೆ. ಮಗುವನ್ನು ಒಂದು ತಗ್ಗಿನ ಪಕ್ಕ ಕುಕ್ಕರುಗಾಲಲ್ಲಿ ಕೂರಿಸಿ, ನೆರಳು ನೀರಿನ ಮೇಲೆ ಬೀಳದ ಹಾಗೆ ನೋಡಿಕೊಂಡು ಸುಮ್ಮನಿರಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ಶಂಖ ಕಾಲು ಹಚ್ಚಿಕೊಂಡು ನಡೆಯುತ್ತದೆ, ಅದು ಶಂಖದೊಳಗೆ ಸೇರಿಕೊಂಡ ಸನ್ಯಾಸಿ ಏಡಿ. ಅದರ ಹಿಂದೆ ಇನ್ನೊಂದು. ಗೈಡುಗಳು ಸಮುದ್ರಸೌತೆಯನ್ನು ಎತ್ತಿ ಕೈಗೆ ಕೊಡಲು ಬಂದರೆ ಬೇಡ ಎನ್ನಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅದಕ್ಕೂ ಹವಳಕ್ಕೂ ರಕ್ಷಣೆಯಿದೆ. ಸತ್ತ ಹವಳದ ತುಂಡನ್ನೂ ಚೀಲಕ್ಕೆ ಹಾಕುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ.

ಹ್ಯಾವ್ಲಾಕಿನ ರಾಧಾನಗರ ದಂಡೆ ಬಲು ಅಗಲ, ಮರಳು ಹಿಟ್ಟಿನಷ್ಟು ನುಣುಪು. ಸಂಜೆ ಅಲ್ಲಿ ಗೂಡು ಕಟ್ಟುವುದಕ್ಕೆ ಸರಿ. ಅಲೆ ಜೋರಿದ್ದ ದಿನ ಸಣ್ಣವರನ್ನು ಇಳಿಸಬೇಡಿ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಎಚ್ಚರಿಕೆಯ ಫಲಕ ಇದ್ದ ಕಡೆ ಒಬ್ಬರೂ ನೀರಿಗೆ ಹೋಗಕೂಡದು. ಎಲಿಫೆಂಟ್ ಬೀಚಿನ ಸ್ನಾರ್ಕೆಲಿಂಗ್ ಎಂಟರ ಮೇಲಿನವರಿಗೆ ಚೆನ್ನಾಗಿ ಒಗ್ಗುತ್ತದೆ. ಗೈಡ್ ತೇಲುವ ರಿಂಗ್ ಹಿಡಿಸಿ ಎಳೆದುಕೊಂಡು ಹೋಗುತ್ತಾನೆ. ಮೂಗು ಮುಚ್ಚಿ ಬಾಯಲ್ಲಿ ಉಸಿರಾಡುವುದನ್ನು ಮನೆಯಲ್ಲೇ ಕಲಿಸಿಕೊಂಡು ಹೋದರೆ ಅಲ್ಲಿ ಅರ್ಧ ತಾಸು ಉಳಿಯುತ್ತದೆ.

ಸೆಲ್ಯುಲಾರ್ ಜೈಲು ದೊಡ್ಡ ಮಕ್ಕಳು ನೋಡಲೇಬೇಕಾದದ್ದು. 1906ರಲ್ಲಿ ಕಟ್ಟಿ ಮುಗಿಸಿದ ಅದರ ಏಳು ಸಾಲುಗಳಲ್ಲಿ ಈಗ ಮೂರು ಉಳಿದಿವೆ. ಗಲ್ಲಿನ ಕೋಣೆ, ಎಣ್ಣೆಯ ಗಾಣ ಕಂಡು ಆರೇಳು ವರ್ಷದವರು ರಾತ್ರಿ ಬೆಚ್ಚಿಬೀಳುತ್ತಾರೆ. ಅವರನ್ನು ಆ ಹೊತ್ತಿಗೆ ಅಜ್ಜಿಯ ಜೊತೆ ಹೋಟೆಲಿನಲ್ಲೇ ಬಿಡಿ. ಬದಲಿಗೆ ರಾಸ್ ದ್ವೀಪ ತೋರಿಸಿ, ಪಾಳುಬಿದ್ದ ಕಟ್ಟಡಗಳ ನಡುವೆ ಜಿಂಕೆ, ನವಿಲು ಹತ್ತಿರದಲ್ಲೇ ಓಡಾಡುತ್ತವೆ. ಬಾರಾಟಾಂಗ್ ದ್ವೀಪದ ಗುಹೆಗಳಿಗೆ ನಸುಕಿಗೂ ಮೊದಲು ಎದ್ದು, ಜಾರವಾ ಆದಿವಾಸಿ ಜನರ ಮೀಸಲು ಕಾಡಿನ ನಡುವೆ ಗಾಡಿಗಳ ಸಾಲಿನಲ್ಲಿ ಹೋಗಬೇಕು. ಮಕ್ಕಳಿಗೆ ಅದು ಬರೀ ದಣಿವು. ಆ ಜನರ ಬದುಕಿನ ನಡುವೆ ನಾವು ಪ್ರವಾಸಿಗರಾಗಿ ಹಾದುಹೋಗುವುದೂ ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಅಂಡಮಾನ್ ನಮ್ಮಿಂದ ಬಹಳ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಡಿಸೆಂಬರಿನಲ್ಲಿ ಐದು ಗಂಟೆಯ ಸುಮಾರಿಗೇ ಹೊತ್ತು ಮುಳುಗುತ್ತದೆ, ಬೆಳಗಾವಿಗಿಂತ ತಾಸು ಮೊದಲು. ಹಾಗಾಗಿ ದಿನವನ್ನು ಬೆಳಿಗ್ಗೆ ಆರಕ್ಕೇ ಶುರು ಮಾಡಿ, ಊಟದ ನಂತರ ಮಲಗಿಸಿ, ಹೊತ್ತು ಮುಳುಗಿದ ಮೇಲೆ ಏನೂ ಇಟ್ಟುಕೊಳ್ಳಬೇಡಿ.

ಲಕ್ಷದ್ವೀಪ

ನೀರಿನ ದೃಷ್ಟಿಯಿಂದ ಮಕ್ಕಳಿಗೆ ಎಲ್ಲಕ್ಕಿಂತ ಒಳ್ಳೆಯದು ಇದೇ. ಹವಳದ ದಿಬ್ಬ ಸುತ್ತಲೂ ಗೋಡೆಯಂತೆ ಅಲೆಯನ್ನು ತಡೆಯುವುದರಿಂದ ಒಳಗಿನ ನೀರು ಕೆರೆಯಷ್ಟೇ ಶಾಂತ. ಆದರೆ ಪ್ರವೇಶಕ್ಕೆ ಪರವಾನಗಿ ಬೇಕು, ಪ್ರವಾಸಿಗರಿಗೆ ತೆರೆದ ದ್ವೀಪಗಳೂ ಉಳಿಯುವ ಜಾಗಗಳೂ ಕೆಲವೇ. ಕೊಚ್ಚಿಯಿಂದ ಅಲ್ಲಿನ ಅಗತ್ತಿ ದ್ವೀಪಕ್ಕೆ ವಿಮಾನ ಅಥವಾ ಹಡಗು. ಹಡಗಾದರೆ ಒಂದು ರಾತ್ರಿ ಪೂರ್ತಿ ಸಮುದ್ರದಲ್ಲಿ. ಆಸ್ಪತ್ರೆಯ ಸೌಕರ್ಯವೂ ಮಿತ. ಉಬ್ಬಸ ಇರುವ, ಪದೇ ಪದೇ ಜ್ವರ ಬರುವ ಮಗುವಿದ್ದರೆ ಇಲ್ಲಿಗೆ ಯೋಚಿಸಿ ಹೊರಡಿ. ಎರಡು ಮೂರು ಸಲ ಸಮುದ್ರ ಕಂಡು ಪಳಗಿದ ಕುಟುಂಬಕ್ಕೆ ಇದು ಸರಿ.

ಎಲ್ಲಿ ಹೋದರೂ

ಲೈಫ್ ಜಾಕೆಟ್ ಬಗ್ಗೆ ಯಾರ ಮಾತೂ ಕೇಳಬೇಡಿ, ನೀವೇ ಪರೀಕ್ಷೆ ಮಾಡಿ. ದೊಡ್ಡವರದನ್ನೇ ಮಗುವಿಗೆ ಹಾಕಿ ದಾರ ಬಿಗಿದು ಕಳಿಸುವುದು ಎಲ್ಲ ಕಡೆಯೂ ಇದೆ. ಮಗುವಿಗೆ ತೊಡಿಸಿ, ಎಲ್ಲ ಬಕಲ್ ಹಾಕಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಗದ್ದ ದಾಟಿ ಕಿವಿಯವರೆಗೆ ಬಂದರೆ ಅದು ದೊಡ್ಡದು, ನೀರಲ್ಲಿ ಮಗು ಅದರೊಳಗಿಂದ ಜಾರಿಬಿಡುತ್ತದೆ. ಕಾಲುಗಳ ನಡುವೆ ಬರುವ ಪಟ್ಟಿಯಿರುವ ಸಣ್ಣ ಅಳತೆಯದ್ದನ್ನೇ ಕೇಳಿ. ಅವರ ಹತ್ತಿರ ಇಲ್ಲವೆಂದರೆ ಆ ದೋಣಿ ಬಿಡಿ. ವರ್ಷಕ್ಕೊಮ್ಮೆ ಹೋಗುವವರಾದರೂ ಒಂದು ಒಳ್ಳೆಯ ಮಕ್ಕಳ ಜಾಕೆಟ್ ಕೊಂಡು ಒಯ್ಯುವುದು ಲೇಸು. ಪಕ್ಕದ ಮನೆಯವರಿಗೂ ಆಗುತ್ತದೆ.

ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಬಾವಿಯಲ್ಲಿ, ಕೃಷ್ಣೆ, ಘಟಪ್ರಭೆಯಲ್ಲಿ ಈಜು ಕಲಿತವರು. ಅವರ ಧೈರ್ಯವೇ ಸಮುದ್ರದಲ್ಲಿ ಅಪಾಯ. ಅಲೆಗಳು ದಡಕ್ಕೆ ತಂದ ನೀರು ಒಂದು ಕಿರಿದಾದ ಓಣಿಯಲ್ಲಿ ವಾಪಸ್ ಸಮುದ್ರಕ್ಕೆ ಓಡುತ್ತದೆ. ಅಲ್ಲಿ ನೊರೆ ಇರುವುದಿಲ್ಲ, ನೀರು ಶಾಂತವಾಗಿ ಕಾಣುತ್ತದೆ, ಅದಕ್ಕೇ ಮಂದಿ ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಹೋರಾಡಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಓಣಿಯಿಂದ ಹೊರಬರಬೇಕು. ಇದನ್ನು ದೊಡ್ಡ ಮಕ್ಕಳಿಗೆ ಮರಳಿನ ಮೇಲೆ ಗೆರೆ ಎಳೆದು ತೋರಿಸಿ. ಸಣ್ಣವರ ಮಟ್ಟಿಗೆ ಒಬ್ಬ ದೊಡ್ಡವರು ಕೈಗೆಟಕುವಷ್ಟು ಹತ್ತಿರ, ಫೋನ್ ಇಲ್ಲದೆ ನಿಂತಿರಬೇಕು.

ಉಬ್ಬರ ಇಳಿತ ತಿಳಿಯಲು ಗೋಡೆಯ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಬಹಳ ಏರುತ್ತದೆ, ಬಹಳ ಇಳಿಯುತ್ತದೆ. ಕಲ್ಲಿನ ತಗ್ಗು ನೋಡಲು ಆ ದಿನಗಳು ಚೆಂದ, ನದಿಯ ಬಾಯಲ್ಲಿ ಆಡಲು ಕೆಟ್ಟವು. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ, ಸ್ಥಳೀಯ ದೋಣಿಯವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಬುತ್ತಿಯ ವಿಷಯದಲ್ಲಿ ನಾವು ಪುಣ್ಯವಂತರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ ವಾರ ಕೆಡುವುದಿಲ್ಲ. ಆದರೆ ಸಮುದ್ರದ ಗಾಳಿಗೆ ಕಟಕ ರೊಟ್ಟಿ ಒಂದೇ ದಿನಕ್ಕೆ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಣ್ಣ ಸಣ್ಣ ಕಟ್ಟು ಮಾಡಿ ಇಡಿ. ಮಾಲ್ವಣದಲ್ಲಿ ಸಸ್ಯಾಹಾರಿಗಳಿಗೆ ಅಕ್ಕಿಯ ದೋಸೆಯಂಥ ಘಾವನೆ, ಕೋಕಂ ಮತ್ತು ತೆಂಗಿನ ಹಾಲಿನ ಸೋಲಕಡಿ ಸಿಗುತ್ತವೆ. ಮೀನಿನ ಖಾನಾವಳಿಗಳೇ ಹೆಚ್ಚಾದ್ದರಿಂದ ಉಳಿಯುವ ಮನೆಯಲ್ಲೇ ಊಟಕ್ಕೆ ಹೇಳಿಡುವುದು ಉತ್ತಮ. ದೋಣಿ ಹತ್ತುವ ಮುಂಚೆ ಎಣ್ಣೆಯ ತಿಂಡಿ, ಹಾಲು ಬೇಡ. ಒಣ ರೊಟ್ಟಿಯ ಚೂರು, ಬಾಳೆಹಣ್ಣು ಸಾಕು. ದೋಣಿಯ ನಡುಭಾಗದಲ್ಲಿ ಕೂರಿಸಿ, ದೂರದ ಅಂಚನ್ನು ನೋಡಲು ಹೇಳಿ. ವಾಂತಿಯ ಮಾತ್ರೆ ಕೊಡುವುದಾದರೆ ಮೊದಲೇ ಮಕ್ಕಳ ಡಾಕ್ಟರನ್ನು ಕೇಳಿ.

ಐದರ ಒಳಗಿನ ಮಗುವಿದ್ದು ಎರಡು ದಿನ ಬಿಡುವಿದ್ದರೆ ದಿವಾರ್, ಚೋರಾವ್. ಮೂರು ದಿನವಿದ್ದು ಅಜ್ಜ ಅಜ್ಜಿ, ಅಕ್ಕ ತಂಗಿಯರ ಮಕ್ಕಳು ಎಲ್ಲ ಕೂಡಿ ಹೊರಟರೆ ಮಾಲ್ವಣ, ಕಣ್ಣು ಮುಚ್ಚಿ. ಶಾಲೆಯಲ್ಲಿ ವಿಜ್ಞಾನ ಹಿಡಿಸಿದ ಹುಡುಗ ಹುಡುಗಿಗೆ ಮಲ್ಪೆ. ಆರು ದಾಟಿದವರು, ಈಜು ಬಲ್ಲವರು, ಹೊಂದಿಸಿಟ್ಟ ಹಣ, ಏಪ್ರಿಲ್ ರಜೆ, ಈ ನಾಲ್ಕೂ ಕೂಡಿದಾಗ ಅಂಡಮಾನ್. ಅಂಡಮಾನಿಗಾದರೆ ವಿಮಾನದ ಟಿಕೆಟ್ ಆದ ಕೂಡಲೇ ಫೆರಿಯ ಸೀಟು ಹಿಡಿಯಿರಿ, ಹೋಟೆಲ್ ಆಮೇಲೆ. ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇರುವಂತೆ ದಿನ ಹೊಂದಿಸಿ, ಫೆರಿ ಒಂದು ಹೊತ್ತು ತಪ್ಪಿದರೂ ವಿಮಾನ ತಪ್ಪುವುದಿಲ್ಲ. ಸಣ್ಣ ದ್ವೀಪಗಳಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ, ಎರಡು ದಿನದ ಖರ್ಚಿಗೆ ಆಗುವಷ್ಟು ನಗದು ಕೈಯಲ್ಲಿರಲಿ.